ಮುದುಕನಿಗೆ ಹಾಕಿದ ಇಪ್ಪತ್ತನಾಲ್ಕು ಪಾಯಿಂಟು

ನಮ್ಮಣ್ಣ ವೆಲ್ಡರ್. ಗೇಟು, ಕಿಟಕಿ ಸರಳು ಮಾಡಿಕೊಡುವವನಲ್ಲ. ಎರಡಾಳೆತ್ತರದ ಉಕ್ಕಿನ ಟ್ಯಾಂಕುಗಳಿಗೆ ಕೊನೆಯ ಜಾಯಿಂಟ್ ಹಾಕುವವನು. ಆ ಜಾಯಿಂಟನ್ನು ಆಮೇಲೆ ಎಕ್ಸ್-ರೇ ತೆಗೆದು ನೋಡುತ್ತಾರೆ. ಒಳಗೆ ಕೂದಲೆಳೆಯಷ್ಟು ಬಿರುಕು ಕಂಡರೂ ಇಡೀ ಟ್ಯಾಂಕು ವಾಪಸ್. ಇಪ್ಪತ್ತೆರಡು ವರ್ಷದಲ್ಲಿ ಅವನದು ಒಂದೂ ವಾಪಸ್ ಬಂದಿಲ್ಲ. ಇದನ್ನು ಅವನು ಯಾರಿಗೂ ಹೇಳುವುದಿಲ್ಲ, ನಾವೇ ಹೇಳಿಕೊಂಡು ತಿರುಗುತ್ತೇವೆ. ವರ್ಕ್‌ಶಾಪಿನಲ್ಲಿ ಅವನ ಅಡ್ಡಹೆಸರು ಕಿಡಿ. ಮನೆಯಲ್ಲಿ ಮಾತ್ರ ಒದ್ದೆ ಸೌದೆ. ಏನು ಕೇಳಿದರೂ ಹೂಂ ಅಥವಾ ಉಹೂಂ, ಮೂರನೆಯ ಮಾತಿಲ್ಲ.

ಅವನು ಬಾಯಿ ಬಿಡುವುದು ಭಾನುವಾರ ಮಧ್ಯಾಹ್ನ, ಟಿವಿಯ ಮುಂದೆ. ಊಟವಾದ ಮೇಲೆ ನಾವಿಬ್ಬರೂ ವಿಡಿಯೋ ಗೇಮಿನ ಒಂದೊಂದು ಕಂಟ್ರೋಲರ್ ಹಿಡಿದು ಕೂರುತ್ತೇವೆ. ಅವನಿಗೆ ನಲವತ್ತೊಂದು, ನನಗೆ ಮೂವತ್ತನಾಲ್ಕು. ಈ ವಯಸ್ಸಿನಲ್ಲಿ ಇದೇನು ಮಕ್ಕಳಾಟ ಎಂದು ಅಮ್ಮ ಗೊಣಗುತ್ತಾಳೆ, ಗೊಣಗುತ್ತಲೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಾಳೆ. ಆಟ ಮಾಯಾಲೋಕದ್ದು. ಕೋಟೆ, ಕಾಡು, ಸುರಂಗ, ತಿರುವಿಗೊಬ್ಬ ರಾಕ್ಷಸ. ನಾನು ಗುರಾಣಿ ಹಿಡಿದ ಗಟ್ಟಿಗಿತ್ತಿ. ಮುಂದೆ ನಿಂತು ಏಟು ತಿನ್ನುವುದೇ ನನ್ನ ಉದ್ಯೋಗ. ಅಣ್ಣ ಮಾಂತ್ರಿಕ. ಹೊಕ್ಕಳವರೆಗೆ ಗಡ್ಡ, ಹರಕು ನಿಲುವಂಗಿ, ಕೈಯಲ್ಲೊಂದು ಕೋಲು. ಆಟದವರು ಅವನಿಗೆ ಏನೇನೋ ಬಿರುದು ಕೊಟ್ಟಿದ್ದಾರೆ, ನಾವು ಮುದುಕ ಎನ್ನುತ್ತೇವೆ.

ಈ ಆಟದಲ್ಲಿ ಒಂದೊಂದು ಮೆಟ್ಟಿಲು ಏರಿದಾಗಲೂ ಮೂರು ಪಾಯಿಂಟು ಸಿಗುತ್ತದೆ. ಅದನ್ನು ಆಯುಸ್ಸಿಗೆ ಹಾಕಬಹುದು, ತೋಳ್ಬಲಕ್ಕೆ ಹಾಕಬಹುದು, ಮಂತ್ರಕ್ಕೆ ಹಾಕಬಹುದು. ಒಮ್ಮೆ ಹಾಕಿದರೆ ಮುಗಿಯಿತು, ಕೈ ಹಾಕಿ ವಾಪಸ್ ತೆಗೆಯುವಂತಿಲ್ಲ. ಬುದ್ಧಿಯಿದ್ದವರು ಎಲ್ಲದಕ್ಕೂ ಅಷ್ಟಷ್ಟು ಹಂಚುತ್ತಾರೆ. ನಮ್ಮಣ್ಣ ನಾಲ್ಕು ವರ್ಷ ಎಲ್ಲವನ್ನೂ ಬೆಂಕಿಯ ಮಂತ್ರಕ್ಕೇ ಸುರಿದ. ಆಯುಸ್ಸಿಗೆ ಒಂದಾದರೂ ಬೇಡವೇ? ಇಲ್ಲ. ಮುದುಕ ಕೋಲೆತ್ತಿದರೆ ಅರ್ಧ ಸೈನ್ಯ ಬೂದಿ, ಒಂದು ಇಲಿ ಬಂದು ಕಚ್ಚಿದರೆ ಮುದುಕ ಗೊಟಕ್. ಅದಕ್ಕೇ ನಾನು ಯಾವಾಗಲೂ ಅವನ ಮುಂದೆ ಗುರಾಣಿ ಹಿಡಿದು ನಿಂತಿರಬೇಕು.

ಕೊನೆಯ ಎಂಟು ಮೆಟ್ಟಿಲ ಪಾಯಿಂಟನ್ನು ಅವನು ಖರ್ಚೇ ಮಾಡಿರಲಿಲ್ಲ. ಅಗ್ನಿಮಳೆ ಎಂಬ ಒಂದು ಮಂತ್ರವಿದೆ. ಆಕಾಶದಿಂದಲೇ ಬೆಂಕಿ ಸುರಿಯುತ್ತದಂತೆ. ಅದಕ್ಕೆ ಒಂದೇ ಸಲಕ್ಕೆ ಇಪ್ಪತ್ತೇಳು ಬೇಕು. ಅವನ ಕೈಯಲ್ಲಿ ಇಪ್ಪತ್ತನಾಲ್ಕು ಇತ್ತು. ಎಂಟು ತಿಂಗಳು ಕಾದಿದ್ದ, ಇನ್ನೊಂದೇ ಮೆಟ್ಟಿಲು ಬಾಕಿ.

ಅಷ್ಟರಲ್ಲಿ ಅಣ್ಣ ಬಿದ್ದ. ಮೊದಲ ಸಲ ಬಚ್ಚಲುಮನೆಯಲ್ಲಿ. ಸೋಪಿಗೆ ಕಾಲು ಜಾರಿತು ಎಂದು ನಮ್ಮನ್ನೂ ನಂಬಿಸಿದ, ತಾನೂ ನಂಬಿದ. ಎರಡನೆಯ ಸಲ ವರ್ಕ್‌ಶಾಪಿನಲ್ಲಿ. ಮನೆಗೆ ಕರೆತಂದ ಫೋರ್‌ಮನ್ ಹೇಳಿದ್ದು ಕೇಳಿ ಅತ್ತಿಗೆ ಅಲ್ಲೇ ಕುಸಿದು ಕೂತಳು. ಜಾಯಿಂಟ್ ಹಾಕುತ್ತಿದ್ದವನು ತೂಗಾಡಲು ಶುರುಮಾಡಿದನಂತೆ. ಕೂಗಿದರೂ ನಿಲ್ಲಿಸಲಿಲ್ಲವಂತೆ. ಕೈಯಲ್ಲಿದ್ದ ವೆಲ್ಡಿಂಗ್ ರಾಡು ಕರಗಿ ಮುಗಿಯುವ ತನಕ ಹಾಕಿ, ಅದನ್ನು ಕಚ್ಚಿಸುವ ಹೋಲ್ಡರನ್ನು ಅದರ ಜಾಗದಲ್ಲಿ ಇಟ್ಟು, ಮುಖದ ಮಾಸ್ಕ್ ಎತ್ತಿ, ಆಮೇಲೆ ಬಿದ್ದನಂತೆ. ಫೋರ್‌ಮನ್ ಇದನ್ನು ಮೆಚ್ಚಿಕೊಂಡೇ ಹೇಳಿದ. ನನಗೆ ಅವನ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸಿತು.

ವರ್ಕ್‌ಶಾಪಿನವರು ಎರಡು ವಾರ ರಜೆ ಕೊಟ್ಟರು. ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ, ಸೊಂಟಕ್ಕೊಂದು ಪುಟ್ಟ ಯಂತ್ರ ಕಟ್ಟಿ ಎರಡು ದಿನ ಮನೆಗೆ ಕಳಿಸಿದರು. ಯಂತ್ರ ಬರೆದುಕೊಂಡಿದ್ದನ್ನು ಡಾಕ್ಟರು ನಮ್ಮ ಮುಂದೆ ಹರಡಿದರು. ಗೀಟು ಏರುತ್ತ ಇಳಿಯುತ್ತ ಬಂದು ಒಂದು ಕಡೆ ನೆಟ್ಟಗೆ ಮಲಗಿಬಿಟ್ಟಿತ್ತು. ಆರು ಸೆಕೆಂಡು ಎದೆ ಬಡಿದೇ ಇಲ್ಲ. ಎದೆಯ ಚರ್ಮದಡಿ ಪೇಸ್‌ಮೇಕರ್ ಕೂರಿಸಬೇಕು, ತಡಮಾಡುವಂತಿಲ್ಲ ಎಂದರು. ಅಣ್ಣ ಒಂದೇ ಪ್ರಶ್ನೆ ಕೇಳಿದ: ಆಮೇಲೆ ವೆಲ್ಡಿಂಗ್ ಮಾಡಬಹುದೋ? ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಮನೆ ಮಟ್ಟದ ಸಣ್ಣ ಕೆಲಸವನ್ನು ಕೆಲವರು ಎಚ್ಚರಿಕೆಯಿಂದ ಮಾಡುತ್ತಾರೆ, ಆದರೆ ನಿಮ್ಮದು ಭಾರಿ ಕರೆಂಟು, ಕೇಬಲ್ಲು ಹೆಗಲ ಮೇಲೇ ಹಾಯುತ್ತದೆ, ಎದೆಯೊಳಗಿನ ಯಂತ್ರ ದಿಕ್ಕು ತಪ್ಪಬಹುದು, ಬೇಡ ಎಂದರು. ಅಣ್ಣ ಹೂಂ ಎಂದ. ಮನೆಗೆ ಬಂದು ಚಪ್ಪಲಿ ಬಿಡುತ್ತ, ಹಾಕಿಸಿಕೊಳ್ಳುವುದಿಲ್ಲ ಎಂದ.

ಆಮೇಲೆ ಅಡುಗೆಮನೆಯಲ್ಲಿ ಅಮ್ಮ, ಅತ್ತಿಗೆ, ನಾನು ಸೇರಿ ಅವನ ಮುಂದಿನ ಇಪ್ಪತ್ತು ವರ್ಷವನ್ನು ತೀರ್ಮಾನ ಮಾಡಿಬಿಟ್ಟೆವು. ಪೇಸ್‌ಮೇಕರ್ ಹಾಕಿಸುವುದು. ವರ್ಕ್‌ಶಾಪಿನ ಸ್ಟೋರ್‌ರೂಮಿನಲ್ಲಿ ಬೋಲ್ಟು, ನಟ್ಟು ಎಣಿಸಿ ಕೊಡುವ ಸೀಟು ಕೇಳುವುದು. ಕೂತು ಮಾಡುವ ಕೆಲಸ, ನೆರಳು, ಗಾಳಿ. ಮೂವರಿಗೂ ಬಹಳ ಸಮಾಧಾನವಾಯಿತು. ಪಕ್ಕದ ಕೋಣೆಯಲ್ಲಿ ಅವನು ಮಲಗಿದ್ದ. ಆ ಗೋಡೆ ಎಷ್ಟು ತೆಳು ಎಂಬುದು ಆ ಮನೆಯಲ್ಲೇ ಹುಟ್ಟಿದ ನನಗೆ ಗೊತ್ತಿಲ್ಲದ್ದೇನಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಬುಧವಾರ ಅರ್ಧ ದಿನ ರಜೆ. ಆ ಬುಧವಾರ ಇನ್ನೊಬ್ಬ ಡಾಕ್ಟರನ್ನು ಕೇಳೋಣವೆಂದು ಅತ್ತಿಗೆ ಅವನನ್ನು ಬಲವಂತದಿಂದ ಎಬ್ಬಿಸಿಕೊಂಡು ಹೋಗಿದ್ದಳು, ಅಮ್ಮನೂ ಜೊತೆಗೆ ಹೋಗಿದ್ದಳು. ನಾನು ಮನೆಯಲ್ಲಿ ಒಬ್ಬಳೇ ಕೂತು ಟಿವಿ ಹಾಕಿದೆ. ಸುಮ್ಮನೆ ಆಟ ತೆರೆದೆ. ಮುದುಕ ಕೋಲೂರಿಕೊಂಡು ನಿಂತಿದ್ದ. ಅವನ ತಲೆಯ ಮೇಲೆ ಆಯುಸ್ಸಿನ ಕೆಂಪು ಪಟ್ಟಿ, ಉಗುರಿನಷ್ಟು. ಅದನ್ನೇ ನೋಡುತ್ತ ಕೂತಿದ್ದೆ. ಆ ಡಾಕ್ಟರೇನು ಹೇಳುತ್ತಾರೋ, ಇವನೇನು ಹಟ ಹಿಡಿಯುತ್ತಾನೋ, ಅದ್ಯಾವುದೂ ನನ್ನ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಕಂಟ್ರೋಲರ್ ಒಂದೇ. ಇಪ್ಪತ್ತನಾಲ್ಕು ಪಾಯಿಂಟನ್ನೂ ಒಂದೊಂದಾಗಿ ಆಯುಸ್ಸಿಗೆ ಹಾಕಿದೆ. ಒಂದೊಂದಕ್ಕೂ ಪಟ್ಟಿ ಉದ್ದವಾಗುತ್ತ ಹೋಯಿತು. ಖಚಿತವೇ ಎಂದು ಆಟ ಕೇಳಿತು. ಖಚಿತ ಎಂದೆ. ಆಟ ತನ್ನಷ್ಟಕ್ಕೆ ತಾನು ಉಳಿಸಿಕೊಂಡಿತು. ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಏನೋ ಪುಣ್ಯದ ಕೆಲಸ ಮಾಡಿದಷ್ಟು ಹಾಯೆನಿಸಿತ್ತು.

ಎರಡನೆಯ ಡಾಕ್ಟರೂ ಅದನ್ನೇ ಹೇಳಿದ್ದರು.

ಭಾನುವಾರ ಅಣ್ಣ ತಾನಾಗಿಯೇ ಬಂದು ಟಿವಿಯ ಮುಂದೆ ಕೂತ. ವಾರದಲ್ಲಿ ಮೊದಲ ಸಲ ಅವನ ಮುಖದ ಗಂಟು ಸಡಿಲಾಗಿತ್ತು. ಕಂಟ್ರೋಲರ್ ಕೈಗೆತ್ತಿಕೊಂಡು ಪರದೆ ನೋಡಿದ. ಕೆಂಪು ಪಟ್ಟಿಯನ್ನೇ ನೋಡಿದ. ಪಾಯಿಂಟಿನ ಪುಟ ತೆರೆದು ಸೊನ್ನೆ ನೋಡಿದ. ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದೆ. ಮುದುಕನಿಗೆ ಸ್ವಲ್ಪ ಮೈ ಬಂದಿದೆ ನೋಡು ಎಂದೋ ಏನೋ. ಮಾತು ಅರ್ಧಕ್ಕೇ ನಿಂತಿತು.

ಅವನು ಬೈಯಲಿಲ್ಲ. ಕಂಟ್ರೋಲರನ್ನು ನೆಲದ ಮೇಲೆ ಇಟ್ಟ.

"ಕೇಳಿದ್ದಿದ್ರೆ ನಾನೇ ಹಾಕ್ತಿದ್ನೋ ಏನೋ," ಎಂದ. "ನೀನು ಕೇಳ್ಲಿಲ್ಲ. ಅಡುಗೆಮನೇಲೂ ಯಾರೂ ಕೇಳ್ಲಿಲ್ಲ."

ಮರುದಿನ ರಜೆ ಮುಗಿದಿತ್ತು. ಅವನು ಡಬ್ಬಿ ತುಂಬಿಸಿಕೊಂಡು ಕೆಲಸಕ್ಕೆ ಹೊರಟ. ವೆಲ್ಡಿಂಗ್ ಬೇಡವೆಂದು ಡಾಕ್ಟರು ಬರೆದುಕೊಟ್ಟಿದ್ದ ಪತ್ರ ಮೇಜಿನ ಡ್ರಾಯರಿನಲ್ಲಿತ್ತು. ಬಿಸಿಲಿಗೆ ತಲೆ ತಿರುಗಿದ್ದು, ಈಗ ಏನಿಲ್ಲ ಎಂದು ಫೋರ್‌ಮನ್‌ಗೆ ಹೇಳಿದನೆಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿ ಫೋನು ಬಡಿದುಕೊಂಡರೆ ಸಾಕು, ಮೂವರ ಜೀವವೂ ಬಾಯಿಗೆ ಬರುತ್ತಿತ್ತು. ಅತ್ತಿಗೆ ಬಟ್ಟೆ ಹೊಲಿಯುವ ಯಂತ್ರದ ಮುಂದೆ ಕೂತು ಒಂದೇ ಅಂಗಿಯ ಕಾಲರನ್ನು ಮೂರು ಸಲ ಬಿಚ್ಚಿದಳು. ಸಂಜೆ ನನ್ನನ್ನು ಹಿತ್ತಿಲಿಗೆ ಕರೆದು, ಫೋರ್‌ಮನ್‌ಗೆ ಒಂದು ಫೋನ್ ಮಾಡಿ ಎಲ್ಲ ಹೇಳಿಬಿಡು ಎಂದಳು. ಅದರಲ್ಲಿ ತಪ್ಪೇನಿತ್ತು? ಒಂದು ಫೋನು, ಅವನನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ನಾನು ನಂಬರ್ ಒತ್ತಿದೆ. ಆ ಕಡೆ ಗಂಟೆ ಬಾರಿಸುವಷ್ಟರಲ್ಲಿ ಅವನ ಮಾತು ನೆನಪಾಗಿ ಕಟ್ ಮಾಡಿದೆ.

"ಭಾನುವಾರದ ತನಕ ಟೈಮ್ ಕೊಡು ಅತ್ತಿಗೆ," ಎಂದೆ.

"ಅಷ್ಟರಲ್ಲಿ ಏನಾದ್ರೂ ಆದ್ರೆ?"

"ಆದ್ರೆ ನನ್ನ ಮೇಲೆ ಹಾಕು."

ಹೇಳಿದ್ದೇನೋ ಹೇಳಿದೆ. ಆ ಆರು ದಿನವೂ ಸಂಜೆ ಅವನು ಚಪ್ಪಲಿ ಬಿಡುವ ಸದ್ದಿಗೇ ಕಿವಿ ಕೊಟ್ಟು ಕೂತಿದ್ದೆ. ಅತ್ತಿಗೆ ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ನನ್ನ ಮಾತನ್ನು ಅವಳು ನಿಜಕ್ಕೂ ನನ್ನ ಮೇಲೆ ಹಾಕಿದ್ದಳು.

ಹಾಕಿದ ಪಾಯಿಂಟನ್ನು ತೆಗೆಯಲು ಆ ಆಟದಲ್ಲಿ ಒಂದೇ ದಾರಿ. ಹಿಮದ ಕೋಟೆಯ ತಳದಲ್ಲಿ ಮರೆವಿನ ಕೊಳ ಎಂಬುದೊಂದಿದೆ. ಅಲ್ಲಿ ಮುಳುಗಿ ಎದ್ದವನಿಗೆ ಕಲಿತದ್ದೆಲ್ಲ ಮರೆತು, ಇಷ್ಟು ವರ್ಷದ ಅಷ್ಟೂ ಪಾಯಿಂಟು ಕೈಗೆ ಬರುತ್ತದೆ. ಜೀವಮಾನಕ್ಕೆ ಒಂದೇ ಸಲ. ಅಲ್ಲಿಗೆ ಮಾಂತ್ರಿಕ ಒಬ್ಬನೇ ಹೋಗಬೇಕು, ಗುರಾಣಿಯವರಿಗೆ ಬಾಗಿಲಲ್ಲೇ ತಡೆ. ಅಂದರೆ ನಾನು ಮುದುಕನನ್ನು ಆಡಿಸಬೇಕು. ಅಂಗಡಿಗೆ ಹೊರಡುವ ಮುಂಚೆ ಒಂದು ಗಂಟೆ, ಅವನು ಬರುವ ಮುಂಚೆ ಒಂದು ಗಂಟೆ ಕೂರತೊಡಗಿದೆ.

ನಾಲ್ಕು ವರ್ಷ ಅವನ ಪಕ್ಕದಲ್ಲೇ ಆಡಿದ್ದೇನೆ, ಮಾಂತ್ರಿಕನಾಗುವುದೆಂದರೆ ಏನು ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಗಟ್ಟಿಗಿತ್ತಿಯಾದರೆ ಓಡಬಹುದು, ಹಾರಬಹುದು, ಓಡುತ್ತಲೇ ಹೊಡೆಯಬಹುದು. ಮುದುಕ ಮಂತ್ರ ಹೇಳಲು ನಿಲ್ಲಲೇಬೇಕು. ಕೋಲೆತ್ತಿದ ಮೇಲೆ ಮೂರು ಸೆಕೆಂಡು ಅಲುಗಾಡುವಂತಿಲ್ಲ. ಹಿಮದ ತೋಳ ಬಾಯ್ತೆರೆದು ಓಡಿ ಬರುತ್ತಿರುತ್ತದೆ, ಬೆರಳು ಓಡು ಓಡು ಎನ್ನುತ್ತದೆ, ಓಡಿದರೆ ಮಂತ್ರ ಮುರಿದು ಶಕ್ತಿಯೆಲ್ಲ ವ್ಯರ್ಥ. ನಾನು ಪ್ರತಿ ಸಲವೂ ಎರಡನೆಯ ಸೆಕೆಂಡಿನಲ್ಲಿ ಓಡಿದೆ. ಎಷ್ಟು ಸಲ ಸತ್ತೆನೋ ಎಣಿಸಲಿಲ್ಲ. ಗುರುವಾರ ಬೆಳಗ್ಗೆ ಮೊದಲ ಸಲ ಹಲ್ಲು ಕಚ್ಚಿ ಮೂರೂ ಸೆಕೆಂಡು ನಿಂತೆ. ತೋಳದ ಬಾಯಿಯೊಳಗೇ ಬೆಂಕಿ ಬಿತ್ತು. ನಾನು ಆಟ ನಿಲ್ಲಿಸಿ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡೆ. ತೂಗಾಡುತ್ತಲೂ ರಾಡು ಮುಗಿಸಿದವನ ಮೇಲೆ ನನಗಿದ್ದ ಸಿಟ್ಟು ಆಗ ಸ್ವಲ್ಪ ಬೇರೆ ಥರ ಆಯಿತು. ಹೋಗಲಿಲ್ಲ. ಬೇರೆ ಥರ ಆಯಿತು, ಅಷ್ಟೆ.

ಇನ್ನೊಂದನ್ನೂ ಹೇಳಬೇಕು. ನಾನು ಕೊಳದವರೆಗೆ ತಲುಪಿದ್ದು ನಾನೇ ಹಾಕಿದ ಆ ಇಪ್ಪತ್ತನಾಲ್ಕು ಪಾಯಿಂಟು ಆಯುಸ್ಸಿನಿಂದ. ಅದಿಲ್ಲದಿದ್ದರೆ ನನ್ನಂಥವಳು ಮೊದಲ ಬಾಗಿಲೇ ದಾಟುತ್ತಿರಲಿಲ್ಲ. ಅದಕ್ಕೇ ನಾನು ಮಾಡಿದ್ದು ಪೂರಾ ತಪ್ಪು ಎಂದು ಯಾರಾದರೂ ಅಂದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಶನಿವಾರ ಸಂಜೆ ಮುದುಕನನ್ನು ನೀರಿಗಿಳಿಸಿದೆ. ಎದ್ದಾಗ ಕೆಂಪು ಪಟ್ಟಿ ಮತ್ತೆ ಉಗುರಿನಷ್ಟಾಗಿತ್ತು. ಪುಟದ ಮೇಲೆ ನೂರ ಇಪ್ಪತ್ತು ಎಂದಿತ್ತು. ಆ ಅಂಕಿ ನೋಡಿ ನನಗೆ ಸಂತೋಷಕ್ಕಿಂತ ಭಯವೇ ಆಯಿತು.

ಭಾನುವಾರ ಊಟವಾದ ಮೇಲೆ ಅವನ ಕೋಣೆಗೆ ಹೋಗಿ ಕರೆದೆ. ಬರುವುದಿಲ್ಲ ಎಂದ. ಆಡಬೇಡ, ಒಂದು ಸಲ ನೋಡು ಸಾಕು ಎಂದೆ. ಬಂದ. ಪುಟ ನೋಡಿ ನನ್ನ ಕಡೆ ತಿರುಗಿದ.

"ಕೊಳಕ್ಕೆ ಹೋಗಿದ್ಯಾ? ನೀನಾ?"

"ಹೂಂ. ಎಲ್ಲಾ ನಿನ್ನ ಕೈಲಿದೆ. ಎಲ್ಲಿ ಬೇಕೋ ಅಲ್ಲಿ ಹಾಕ್ಕೋ. ನಾನು ಬಾಯಿ ಬಿಡಲ್ಲ."

ಅಮ್ಮ ಹಿಂದಿನ ಕುರ್ಚಿಯಲ್ಲಿದ್ದಳು. ಅತ್ತಿಗೆ ಹೊಲಿಗೆ ಬಿಟ್ಟು ಬಂದು ಬಾಗಿಲಿಗೊರಗಿ ನಿಂತಳು. ಆಟದ ತಲೆಬುಡ ತಿಳಿಯದ ಅವಳಿಗೂ ಇಲ್ಲಿ ಏನೋ ತೀರ್ಮಾನವಾಗುತ್ತಿದೆ ಎಂದು ಹೊಳೆದಿತ್ತು. ಅಣ್ಣ ಕೂತು ಕಂಟ್ರೋಲರ್ ಎತ್ತಿಕೊಂಡ. ಆಮೇಲೆ ಹೆಬ್ಬೆರಳು ಆಡತೊಡಗಿತು. ಇಪ್ಪತ್ತೇಳು ಅಗ್ನಿಮಳೆಗೆ. ಅಲ್ಲಿಂದ ಬೆಂಕಿಗೆ ಹತ್ತು, ಇಪ್ಪತ್ತು, ಐವತ್ತು. ಆಯುಸ್ಸಿನ ಸಾಲಿನ ಮೇಲೆ ಒಂದು ಸಲ ನಿಂತ. ಅದನ್ನು ದಾಟಿ ಮತ್ತೆ ಬೆಂಕಿಗೇ ಹೋದ. ಉಳಿದ ಕೊನೆಯ ಒಂದನ್ನೂ ಅಲ್ಲೇ ಹಾಕಿದ. ಖಚಿತವೇ ಎಂದು ಆಟ ಕೇಳಿತು. ಒತ್ತಿದ.

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಆರು ದಿನ ಅವನ ಜೀವವನ್ನು ಪಣಕ್ಕಿಟ್ಟು ನಾನು ಕೊಂಡುಕೊಂಡದ್ದು ಇದು. ಉತ್ತರ ಸಿಕ್ಕಿತ್ತಲ್ಲ, ಸೋಮವಾರ ಬೆಳಗ್ಗೆ ಫೋರ್‌ಮನ್‌ಗೆ ಫೋನ್ ಮಾಡುವುದು, ಅಣ್ಣ ಜನ್ಮದಲ್ಲಿ ನನ್ನ ಜೊತೆ ಮಾತಾಡದಿದ್ದರೆ ಬೇಡ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಅವನು ಮುದುಕನನ್ನು ಕೋಟೆಯ ಹೊರಗಿನ ಬಯಲಿಗೆ ನಡೆಸಿಕೊಂಡು ಹೋಗಿ ಕೋಲೆತ್ತಿಸಿದ. ಆಕಾಶ ಕೆಂಪಾಯಿತು. ಬೆಂಕಿ ಸುರಿಯಿತು, ಬಯಲಿನುದ್ದಕ್ಕೂ. ಅಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಪರದೆಯ ಬೆಳಕು ಅಣ್ಣನ ಮುಖದ ಮೇಲೆ ಬಿದ್ದು ಆಡುತ್ತಿತ್ತು. ಅವನು ಅಳುತ್ತಿದ್ದ. ನಾನು ಅವನು ಅತ್ತದ್ದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಮಂಗಳವಾರ ಆಗುತ್ತಾ ಅಂತ ಆಸ್ಪತ್ರೇಲಿ ಕೇಳು," ಎಂದ, ತಿರುಗದೆ.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹಾಗಿದ್ದರೆ ಆಯುಸ್ಸಿಗೆ ಒಂದಾದರೂ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

"ಎರಡೂ ಕಡೆ ಹುಷಾರಾಗಿದ್ಕೊಂಡು ಏನ್ ಮಾಡ್ಲಿ," ಎಂದ.

ಮಂಗಳವಾರವೇ ಯಾಕೆ, ಸೋಮವಾರ ಯಾಕಾಗಬಾರದು ಎಂದು ಅತ್ತಿಗೆ ಕೇಳಿದಳು. ಒಂದು ಟ್ಯಾಂಕಿನ ಕೊನೆಯ ಜಾಯಿಂಟ್ ಅರ್ಧಕ್ಕೆ ನಿಂತಿದೆ, ಬೇರೆಯವರ ಕೈ ಬಿದ್ದರೆ ಎಕ್ಸ್-ರೇಯಲ್ಲಿ ಗೊತ್ತಾಗುತ್ತದೆ ಎಂದ. ಅತ್ತಿಗೆ ಹಣೆ ಒತ್ತಿಕೊಂಡಳು. ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು, ನಾನೂ ಬರುತ್ತೇನೆ ಎಂದೆ.

ಸೋಮವಾರ ಅಂಗಡಿಗೆ ರಜೆ ಹೇಳಿ ವರ್ಕ್‌ಶಾಪಿಗೆ ಹೋದೆ. ತಗಡಿನ ಚಾವಣಿ, ಸುಟ್ಟ ಕಬ್ಬಿಣದ ವಾಸನೆ, ಗ್ರೈಂಡರಿನ ಕಿರುಚಾಟ. ಏನೋ ಮನೆ ಕೆಲಸವಿದೆ, ಅಣ್ಣನನ್ನು ಕರೆದುಕೊಂಡು ಹೋಗಬೇಕು ಎಂದೆ. ಫೋರ್‌ಮನ್ ಬರಿಗಣ್ಣಲ್ಲಿ ನೋಡಬೇಡಿ ಎಂದು ಒಂದು ಹಳೆಯ ಮಾಸ್ಕ್ ಕೊಟ್ಟ. ದಿನವೂ ಹತ್ತಾರು ಗಾಜು ಮುಟ್ಟುವ ನಾನು ಅಷ್ಟು ಕಪ್ಪು ಗಾಜಿನೊಳಗಿಂದ ಯಾವತ್ತೂ ನೋಡಿರಲಿಲ್ಲ. ಟ್ಯಾಂಕು ಕಾಣಲಿಲ್ಲ, ಅಣ್ಣ ಕಾಣಲಿಲ್ಲ. ಕತ್ತಲಲ್ಲಿ ಒಂದು ಹಸಿರು ಚುಕ್ಕಿ ಮಾತ್ರ, ಇರುವೆಯ ನಡಿಗೆಯಲ್ಲಿ ಮುಂದೆ ಸಾಗುತ್ತಿತ್ತು. ಅದು ಅಲುಗಾಡುತ್ತದೋ ಎಂದು ಕಾದೆ. ಒಂದೊಂದು ರಾಡು ಮುಗಿದು ಚುಕ್ಕಿ ಆರಿದಾಗಲೂ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸುತ್ತಿದ್ದೆ, ಮತ್ತೆ ಹೊತ್ತಿದಾಗ ನಿಲ್ಲಿಸುತ್ತಿದ್ದೆ. ಒಂದೂಮುಕ್ಕಾಲು ಗಂಟೆ. ಕೊನೆಗೆ ಚುಕ್ಕಿ ಆರಿತು, ಮತ್ತೆ ಹೊತ್ತಲಿಲ್ಲ. ಮಾಸ್ಕ್ ಕಿತ್ತು ನೋಡಿದೆ. ಅಣ್ಣ ಟ್ಯಾಂಕಿನ ಪಕ್ಕ ನಿಂತು ಜಾಯಿಂಟಿನ ಮೇಲೆ ತಂತಿಯ ಬ್ರಷ್ ಆಡಿಸುತ್ತಿದ್ದ, ನಿಧಾನಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ಆಮೇಲೆ ಜೇಬಿನಿಂದ ಡಾಕ್ಟರ ಪತ್ರ ತೆಗೆದು ಫೋರ್‌ಮನ್ ಕೈಗಿಟ್ಟ. ಫೋರ್‌ಮನ್ ಓದಿ ಅವನ ತೋಳು ಹಿಡಿದುಕೊಂಡ.

ಮಂಗಳವಾರ ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿದ್ದೆವು. ಅಣ್ಣನಿಗೆ ಬೆನ್ನ ಹಿಂದೆ ಕಟ್ಟುವ ಹಸಿರು ಅಂಗಿ ತೊಡಿಸಿದ್ದರು. ಅದರಲ್ಲಿ ಅವನು ನಮ್ಮಣ್ಣನಂತೆ ಕಾಣುತ್ತಿರಲಿಲ್ಲ, ತೋಳಿನ ತುಂಬ ಇದ್ದ ಸುಟ್ಟ ಚುಕ್ಕಿಗಳಿಂದ ಮಾತ್ರ ಗುರುತು. ನರ್ಸ್ ಒಂದು ಫಾರಂ ಕೊಟ್ಟಳು. ಅವನ ಕೈಗೆ ಸೂಜಿ ಚುಚ್ಚಿದ್ದರಿಂದ ನಾನು ಬರೆಯತೊಡಗಿದೆ. ಹೆಸರು, ವಯಸ್ಸು, ವಿಳಾಸ. ಮುಂದಿನ ಸಾಲಿನಲ್ಲಿ ಉದ್ಯೋಗ ಎಂದಿತ್ತು. ಪೆನ್ನು ಅಲ್ಲೇ ನಿಂತಿತು. ಸ್ಟೋರ್‌ರೂಮಿನ ಸೀಟು ಕೊಡುವುದಾಗಿ ಫೋರ್‌ಮನ್ ಹಿಂದಿನ ಸಂಜೆಯೇ ಹೇಳಿದ್ದ. ಆ ಜಾಗ ಬಿಟ್ಟು ಕೆಳಗಿನ ಸಾಲಿಗೆ ಹೋಗೋಣ, ಆಮೇಲೆ ಏನಾದರೂ ತುಂಬಿದರಾಯಿತು ಎಂದುಕೊಂಡೆ. ಆಮೇಲೆ ಪೆನ್ನೆತ್ತಿ ಅವನನ್ನೇ ಕೇಳಿದೆ.

ಅಣ್ಣ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ, ಆಮೇಲೆ ಗಡಿಯಾರದ ಕಡೆ.

"ಒಳಗೆ ಕರೆಯೋದು ಹತ್ತಕ್ಕಲ್ವಾ," ಎಂದ. "ವೆಲ್ಡರ್ ಅಂತ ಬರಿ."

ಬರೆದೆ. ಅಕ್ಷರ ದಪ್ಪವಾಗಿ ಕಾಣಲಿ ಎಂದು ಅದರ ಮೇಲೆ ಇನ್ನೊಂದು ಸಲ ತಿದ್ದಿದೆ.